ಸೂಟ್ ಅರ್ಧವಾದರೂ ಸೀಟು ಹೆಚ್ಚಿತು

ಸಿಂಗಪುರ್ ಏರ್‌ಲೈನ್ಸ್ ತನ್ನ ಎರಡಂತಸ್ತಿನ ಏರ್‌ಬಸ್ ಎ380 ವಿಮಾನದಲ್ಲಿ 12 ಸೂಟ್‌ಗಳನ್ನು (ಬಾಗಿಲಿರುವ, ಅತಿ ದುಬಾರಿ ಖಾಸಗಿ ಕೋಣೆಗಳು) 6ಕ್ಕೆ ಇಳಿಸಿದ್ದು ನಷ್ಟ ತಾಳಲಾರದೆಯೇ ಎಂದು ಕೇಳಿದ್ದೀರಿ. ಸೂಟ್ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಮಾರ್ಪಾಡಿಗೆ ಮುಂಚೆ ಒಟ್ಟು ಸೀಟು 379 ಅಥವಾ 441. 2017ರ ಹೊಸ ಜೋಡಣೆಯಲ್ಲಿ 471. ಕೆಳ ಅಂತಸ್ತಿನ ಮುಂಭಾಗದಲ್ಲಿದ್ದ ಸೂಟ್‌ಗಳು ಮೇಲಕ್ಕೆ ಹೋದವು, ಆ ಜಾಗಕ್ಕೆ 44 ಪ್ರೀಮಿಯಂ ಎಕಾನಮಿ (ಸಾಮಾನ್ಯ ದರ್ಜೆಗಿಂತ ಮೇಲೆ, ಬಿಸಿನೆಸ್‌ಗಿಂತ ಕೆಳಗೆ) ಸೀಟು ಬಂದವು.

ನೋಡಬೇಕಾದ್ದು ಟಿಕೆಟ್ ದರವನ್ನಲ್ಲ, ಚದರಡಿಗೆ ಬರುವ ಆದಾಯವನ್ನು. ಒಂದು ಸೂಟ್ ಮೂರು ಬಿಸಿನೆಸ್ ಸೀಟಿನ ಜಾಗ ತಿಂದರೆ ಮೂರರಷ್ಟು ದುಡ್ಡು ತರಬೇಕು, ಅದೂ ನಗದಾಗಿ. ಮೈಲ್ಸ್ (ಹಾರಾಟದಿಂದ ಗಳಿಸಿದ ಪಾಯಿಂಟ್) ಕೊಟ್ಟು ಬಂದವರು, ಕೆಳ ದರ್ಜೆಯಿಂದ ಅಪ್‌ಗ್ರೇಡ್ ಆದವರು ಕೂತರೆ ಸೂಟ್ ತುಂಬಿದಂತೆ ಕಾಣುತ್ತದೆ, ಗಲ್ಲಾ ತುಂಬುವುದಿಲ್ಲ. ಮೇಲಾಗಿ ಕತಾರ್ ಏರ್‌ವೇಸ್ 2017ರಲ್ಲೇ ಬಿಸಿನೆಸ್ ದರ್ಜೆಗೂ ಬಾಗಿಲು ಕೊಟ್ಟಿತು. ಕಂಪನಿ ಖರ್ಚಿನಲ್ಲಿ ಹಾರುವವರಿಗೆ ಅಷ್ಟು ಸಾಕು.

ಜೋಡಿಯಾಗಿ ಹೋಗುವುದಾದರೆ 1ಎ-2ಎ ಅಥವಾ 1ಎಫ್-2ಎಫ್ ಸಂಖ್ಯೆಯ ಸೂಟ್‌ಗಳನ್ನು ಹಿಡಿಯಿರಿ: ನಡುವಿನ ಗೋಡೆ ಇಳಿದು ಡಬಲ್ ಬೆಡ್ ಆಗುತ್ತದೆ. 3ನೇ ಸಾಲಿನಲ್ಲಿ ಆಗದು. ಹೊರಡುವ ಮುನ್ನ ವಿಮಾನದ ಮಾದರಿ ಮತ್ತೆ ನೋಡಿಕೊಳ್ಳಿ. ಎ380 ಬದಲು ಬೋಯಿಂಗ್ 777 ಬಂದರೆ ಸಿಗುವುದು ಫಸ್ಟ್ ಕ್ಲಾಸ್, ಈ ಸೂಟ್ ಅಲ್ಲ.