ಮರ ಅಳೆಯಲು ಮರ ಹತ್ತಬೇಕಿಲ್ಲ

ಪ್ರಶ್ನೆ: ಕೊಂಬೆ ಕಡಿಯದೆ, ಮೊಳೆ ಹೊಡೆಯದೆ ಮರದ ಹಂದರವನ್ನು, ಅಂದರೆ ಕೊಂಬೆ-ಎಲೆಗಳ ಹರವನ್ನು ಅಳೆಯಬಹುದೇ? ಅದರ ಆಕಾರವನ್ನು ಕಂಪ್ಯೂಟರ್‌ನಲ್ಲಿ ಮೂಡಿಸುವ ಆಸೆ ಇದೆ.

ಉತ್ತರ: ಖಂಡಿತ. ಏಣಿಯೂ ಬೇಡ. ತೊಗಟೆ ಜಜ್ಜಿದರೂ ಮರಕ್ಕೆ ಅದು ಗಾಯವೇ ಅಲ್ವಾ?

ಟೇಪಿನ ಒಂದು ತುದಿ ಕಾಂಡದ ಬಳಿ ಇರಲಿ. ಇನ್ನೊಂದು ತುದಿ ಹಿಡಿದು ಗೆಳೆಯರೊಬ್ಬರು ಹಂದರದ ಅಂಚಿನವರೆಗೆ ನಡೆಯಲಿ. ಜಾಸ್ತಿ ತಪ್ಪಾಗುವುದು ಇಲ್ಲೇ. ಕತ್ತೆತ್ತಿ ನೋಡುವಾಗ ನೋಟ ಓರೆಯಾಗಿರುತ್ತದೆ, ಅಂಚು ಎಲ್ಲಿದೆ ಎಂದು ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ನೀವು ಪಕ್ಕಕ್ಕೆ ದೂರ ನಿಂತು ತೂಗುಗುಂಡಿನ ದಾರವನ್ನು ಕಣ್ಣೆದುರು ಹಿಡಿಯಿರಿ. ದಾರ ಅಂಚಿನ ಎಲೆಗೆ ತಾಗಿದಂತೆ ಕಾಣಲಿ. ಗೆಳೆಯರ ಪಾದವೂ ಅದೇ ದಾರದ ನೇರಕ್ಕೆ ಬರಬೇಕು. ಹೀಗೆ ಎಂಟು ದಿಕ್ಕಿನಲ್ಲಿ ಅಳೆಯಿರಿ. ನಾಲ್ಕೇ ಸಾಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬೆಳಕಿನ ಕಡೆ ವಾಲಿದ ಮರ ದುಂಡಗಿರುವುದಿಲ್ಲ.

ಎತ್ತರ ಸುಲಭ. ಸಮತಟ್ಟು ನೆಲದಲ್ಲಿ, ನೆಟ್ಟಗೆ ಬೆಳೆದ ಮರದ ತುದಿ 45 ಡಿಗ್ರಿಯಲ್ಲಿ ಕಾಣುವ ಕಡೆ ನಿಲ್ಲಿ. ಬುಡದವರೆಗಿನ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿ.

ಆಕಾರವನ್ನು ಮಾತ್ರ ಸುಮ್ನೆ ಊಹಿಸಬೇಡಿ. ತ್ರಿಜ್ಯ 4 ಮೀಟರ್, ಹಂದರದ ಎತ್ತರ 6 ಮೀಟರ್ ಇದ್ದರೆ, ಶಂಕುವಿನ ಲೆಕ್ಕದಲ್ಲಿ ಗಾತ್ರ ಸುಮಾರು 100 ಘನ ಮೀಟರ್. ಅರ್ಧ ಮೊಟ್ಟೆಯ ಲೆಕ್ಕದಲ್ಲಿ ಸುಮಾರು 200. ಅಳತೆ ಒಂದೇ, ಉತ್ತರ ಎರಡು ಪಟ್ಟು!

ಲೇಸರ್ ಸ್ಕ್ಯಾನರ್ ಸಿಕ್ಕರೆ ಇನ್ನೂ ಚೆನ್ನ, ಮರಕ್ಕೆ ತಾಗುವುದು ಬೆಳಕು ಮಾತ್ರ. ಗಾಳಿ ಇಲ್ಲದ ಹೊತ್ತು ನೋಡಿ ಹಲವು ಕಡೆಯಿಂದ ಸ್ಕ್ಯಾನ್ ಮಾಡಿ. ಇಲ್ಲದಿದ್ದರೆ ಮೊಬೈಲ್ ಸಾಕು. ಮರದ ಸುತ್ತ ನಡೆಯುತ್ತಾ, ಒಂದು ಫೋಟೋದಲ್ಲಿ ಕಂಡ ಭಾಗ ಮುಂದಿನದರಲ್ಲೂ ಸ್ವಲ್ಪ ಬರುವಂತೆ ಫೋಟೋ ತೆಗೆಯಿರಿ. ಕಂಪ್ಯೂಟರ್ ತಂತ್ರಾಂಶ ಅವನ್ನು ಜೋಡಿಸಿ ಮರದ ಆಕಾರ ಮೂಡಿಸುತ್ತದೆ. ಬುಡದ ಪಕ್ಕ 1 ಮೀಟರ್ ಉದ್ದದ ಕೋಲು ಇಡಿ, ಆ ಆಕಾರಕ್ಕೆ ನಿಜವಾದ ಅಳತೆ ಕೊಡಲು ಅದು ಬೇಕೇ ಬೇಕು.