ಓದುಗರ ಪ್ರಶ್ನೆ: ಮೂರನೆಯ ಛೇದನ ಬಿಂದು ಎಲ್ಲಿ ಹೋಯಿತು?

ಪ್ರಶ್ನೆ: ವೈ = ಎಕ್ಸ್² ಮತ್ತು ವೈ = 2^ಎಕ್ಸ್ ಎರಡನ್ನೂ ಮೊಬೈಲಿನ ಜಿಯೋಜಿಬ್ರಾ ಎಂಬ ನಕ್ಷೆ ಎಳೆಯುವ ಆಪ್‌ನಲ್ಲಿ ಹಾಕಿದೆ. ಎರಡೇ ಕಡೆ ಕತ್ತರಿಸುತ್ತವೆ. ನಮ್ಮ ಲೆಕ್ಚರರ್ ಮೂರು ಪರಿಹಾರ ಇವೆ ಅನ್ನುತ್ತಾರೆ. ಸಿಕ್ಕಿದ −0.77 ಕೂಡ ಸಮೀಕರಣಕ್ಕೆ ಹಾಕಿದರೆ ತಾಳೆಯಾಗುತ್ತಿಲ್ಲ. ಯಾಕೆ ಸರ್?
– ಪಿಯುಸಿ ವಿದ್ಯಾರ್ಥಿನಿ, ಮಧುಗಿರಿ

ಉತ್ತರ: ನಿಮ್ಮ ಲೆಕ್ಚರರ್ ಹೇಳಿದ್ದು ಸರಿ. ನಿಮಗೆ ಸಿಕ್ಕಿದ ಎರಡು ಬಿಂದುಗಳು ಎಕ್ಸ್ = −0.77ರ ಹತ್ತಿರ ಮತ್ತು (2, 4)ರಲ್ಲಿವೆ, ಮೂರನೆಯದು (4, 16). ಆಪ್ ತೆರೆದ ಕೂಡಲೇ ಬರುವ ಪರದೆಯಲ್ಲಿ ಸಾಮಾನ್ಯವಾಗಿ ವೈ ಅಕ್ಷ 16ರವರೆಗೆ ಇರುವುದಿಲ್ಲ, ಆದ್ದರಿಂದ ಆ ಬಿಂದು ಮೇಲೆಯೇ ಉಳಿದುಬಿಡುತ್ತದೆ. ಎರಡು ಬೆರಳಿನಿಂದ ಚಿತ್ರ ಕುಗ್ಗಿಸಿದರೆ ಅದು ಒಳಗೆ ಬರುತ್ತದೆ, ಆದರೆ ಆಗ 2 ಮತ್ತು 4ರ ನಡುವೆ ಎರಡು ಗೆರೆಗಳೂ ಅಂಟಿಕೊಂಡಂತೆ ಕಾಣುತ್ತವೆ. ಎಕ್ಸ್ = 3 ಇದ್ದಲ್ಲಿ ಒಂದರ ಎತ್ತರ 9, ಇನ್ನೊಂದರದು 8. ಇಪ್ಪತ್ತು ಮೂವತ್ತು ಮಾನ ತೋರಿಸುವ ಪರದೆಯಲ್ಲಿ ಒಂದು ಮಾನದ ಸಂದು ಕಣ್ಣಿಗೆ ಬೀಳುವುದು ಕಷ್ಟ.

ಹಾಗಾಗಿ ವ್ಯತ್ಯಾಸದ ನಕ್ಷೆ ಎಳೆಯಿರಿ. ಎಚ್(ಎಕ್ಸ್) = ಎಕ್ಸ್² − 2^ಎಕ್ಸ್ ಎಂದು ಟೈಪ್ ಮಾಡಿ. ಅದು ಎಕ್ಸ್ ಅಕ್ಷವನ್ನು ದಾಟುವ ಜಾಗಗಳೇ ನಿಮ್ಮ ಪರಿಹಾರಗಳು. ಎರಡು ಗೆರೆ ಕೂಡುವುದಕ್ಕಿಂತ ಅಕ್ಷ ದಾಟುವುದನ್ನು ಗುರುತಿಸುವುದು ಸುಲಭ. ಮುಂದಿನ ಸಾಲಿನಲ್ಲಿ ರೂಟ್ಸ್(ಎಚ್, −2, 5) ಕೊಡಿ. ಆವರಣದೊಳಗಿನ ಕೊನೆಯ ಎರಡು ಸಂಖ್ಯೆಗಳು ಎಲ್ಲಿಂದ ಎಲ್ಲಿಯವರೆಗೆ ಹುಡುಕಬೇಕು ಎಂಬ ಮಿತಿ. ಎಚ್ ಬಹುಪದೋಕ್ತಿ ಅಲ್ಲದ್ದರಿಂದ ಈ ಮಿತಿ ಬಿಡಬೇಡಿ. ಘಾತದ ^ ಗುರುತು ಮರೆತರೆ 2ಎಕ್ಸ್ ಎಂಬ ನೇರ ಗೆರೆ ಬಂದುಬಿಡುತ್ತದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ.

−0.77 ತಾಳೆಯಾಗದ್ದು ದಶಮಾಂಶದಿಂದ. ಜಿಯೋಜಿಬ್ರಾ ತಾನಾಗಿ ಎರಡೇ ಸ್ಥಾನ ತೋರಿಸುತ್ತದೆ. ಸೆಟ್ಟಿಂಗ್ಸ್‌ನ ರೌಂಡಿಂಗ್‌ನಲ್ಲಿ 5 ಸ್ಥಾನ ಆರಿಸಿ: ಎಕ್ಸ್ = −0.76666, ವೈ = 0.58777. ಈಗ ಎರಡೂ ಕಡೆ ಹೊಂದುತ್ತದೆ.

ನಾಲ್ಕನೆಯದು ಇಲ್ಲ ಎಂದು ಪರದೆ ಹೇಳಲಾರದು, ಅದನ್ನು ಕಾಗದದ ಮೇಲೆಯೇ ತೋರಿಸಬೇಕು. ಎಕ್ಸ್ ಋಣವಾಗಿದ್ದಾಗ ಬಲಕ್ಕೆ ಬಂದಂತೆ ಎಕ್ಸ್² ಇಳಿಯುತ್ತದೆ, 2^ಎಕ್ಸ್ ಏರುತ್ತದೆ. ಒಮ್ಮೆ ಮಾತ್ರ ಕೂಡಬಲ್ಲವು. ಸೊನ್ನೆಯಲ್ಲಿ ಒಂದು 0, ಇನ್ನೊಂದು 1. ಧನ ಎಕ್ಸ್‌ಗೆ ಎರಡೂ ಕಡೆ ಲಾಗ್ ತೆಗೆದರೆ ಎಕ್ಸ್ ಲಾಗ್ 2 = 2 ಲಾಗ್ ಎಕ್ಸ್. ಎಡಗಡೆ ನೇರ ಗೆರೆ, ಬಲಗಡೆ ಲಾಗ್ ವಕ್ರ. ಇವು ಎರಡಕ್ಕಿಂತ ಹೆಚ್ಚು ಸಲ ಸೇರುವುದಿಲ್ಲ.

ಪ್ರಶ್ನೆ: ರೇಖೆ ಪರವಲಯವನ್ನು ಮುಟ್ಟುತ್ತದೋ ಕತ್ತರಿಸುತ್ತದೋ, ಚಿತ್ರ ನೋಡಿ ಹೇಳಬಹುದೇ?
– ಪ್ರೌಢಶಾಲಾ ಶಿಕ್ಷಕರು, ಚಿಂತಾಮಣಿ

ಉತ್ತರ: ನಂಬಬೇಡಿ. ವೈ = ಎಕ್ಸ್² ಜೊತೆ 2ಎಕ್ಸ್ − 1, 2ಎಕ್ಸ್ − 1.01, 2ಎಕ್ಸ್ − 0.99 ಮೂರನ್ನೂ ಹಾಕಿ ಮಕ್ಕಳಿಗೆ ತೋರಿಸಿ. ಮೂರೂ ಮುಟ್ಟಿದಂತೆಯೇ ಕಾಣುತ್ತವೆ. ಮುಟ್ಟುವುದು ಮೊದಲನೆಯದು ಮಾತ್ರ, (1, 1)ರಲ್ಲಿ. ಎರಡನೆಯದಕ್ಕೆ ಪರಿಹಾರವೇ ಇಲ್ಲ. ಮೂರನೆಯದು ಎಕ್ಸ್ = 0.9 ಮತ್ತು 1.1ರಲ್ಲಿ ಕತ್ತರಿಸುತ್ತದೆ. ಸಮೀಕರಣ ಬರೆದು ಶೋಧಕ (ಬಿ² − 4ಎಸಿ) ಸೊನ್ನೆಯೋ, ಋಣವೋ, ಧನವೋ ನೋಡಿಯೇ ಉತ್ತರ ಹೇಳಿಸಿ.