ಡೌನ್‌ರಿಗರ್ ಕೂರಿಸೋದು ಕೈಗೆ ಸಿಗೋ ಜಾಗದಲ್ಲಾ, ಕೇಬಲ್‌ಗೆ ಸರಿಹೋಗೋ ಜಾಗದಲ್ಲಾ?

ಪ್ರಶ್ನೆ: ಸರ್, ನಂದು 16 ಅಡಿ ಅಲ್ಯೂಮಿನಿಯಂ ಬೋಟು, ಹಿಂದೆ ಕೂತು ಹಿಡಿ ಹಿಡ್ಕೊಂಡು ತಿರುಗಿಸೋ ಔಟ್‌ಬೋರ್ಡ್ ಎಂಜಿನ್. ಕೈಯಲ್ಲಿ ಸುತ್ತೋ ಡೌನ್‌ರಿಗರ್ (ಬೋಟಿಂದ ಹೊರಚಾಚೋ ತೋಳಿನ ತುದಿಯಿಂದ ಕೇಬಲ್‌ಗೆ ಭಾರದ ಗುಂಡು ಕಟ್ಟಿ, ಗಾಳನ ಆಳಕ್ಕೆ ಇಳಿಸೋ ಸಾಧನ) ಎರಡು ತಗೊಂಡಿದೀನಿ, ಇನ್ನೂ ತೂತು ಕೊರೆದಿಲ್ಲ. ನಡುವಿನ ಸೀಟ್ ಪಕ್ಕ ಹಾಕಿದ್ರೆ ಜೊತೆಗೆ ಬರೋರು ಆರಾಮಾಗಿ ಸುತ್ತಬಹುದು ಅಂತ ನನ್ನ ಲೆಕ್ಕ. ಸ್ನೇಹಿತ ಒಬ್ಬ ಎಂಜಿನ್ ಕೂತಿರೋ ಹಿಂದಿನ ಹಲಗೆ ಮೇಲೇ ಹಾಕು ಅಂತಾನೆ. ಯಾವುದು ಸರಿ?

ಉತ್ತರ: ಕೊರೆಯೋಕೆ ಮುಂಚೆ ಕೇಳಿದ್ರಲ್ಲ, ಬಚಾವಾದ್ರಿ. ನಡುವಿನ ಸೀಟ್ ಪಕ್ಕ ಮಾತ್ರ ಬೇಡ. ನಾನು ಮೊದಲನೇ ಬೋಟಲ್ಲಿ ಅದನ್ನೇ ಮಾಡಿದ್ದೆ, ಒಂದೇ ತಿರುವಿಗೆ ಕೇಬಲ್ ಹೋಗಿ ಪ್ರೊಪೆಲ್ಲರ್‌ಗೆ ಸುತ್ಕೊಳ್ತು, ಎಂಜಿನ್ ಎತ್ತಿ ಬೆರಳಲ್ಲಿ ಬಿಡಿಸ್ತಾ ಕೂತಿದ್ದು ಇನ್ನೂ ನೆನಪಿದೆ.

ಯಾಕೆ ಹಾಗಾಗುತ್ತೆ ಅಂದ್ರೆ, ಗುಂಡು ಇಳಿಬಿಟ್ಟಾಗ ಕೇಬಲ್ ನೆಟ್ಟಗೆ ಕೆಳಗೆ ಹೋಗುತ್ತೆ ಅಂದ್ಕೊಂಡಿರ್ತೀವಿ, ಅದು ಬೋಟು ನಿಂತಿದ್ದಾಗ ಮಾತ್ರ. ಗಂಟೆಗೆ 3-4 ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ರೂ ನೀರು ಕೇಬಲನ್ನ ಹಿಂದಕ್ಕೆ ತಳ್ತಾ ಇರುತ್ತೆ, ಆಳ ಹೆಚ್ಚಾದಷ್ಟೂ ಇನ್ನೂ ಹಿಂದಕ್ಕೆ, ಗಾಳಿಪಟದ ದಾರ ತಲೆಕೆಳಗಾಗಿ ನೋಡಿದ ಹಾಗೆ. ಅಂದ್ರೆ ನಡುವೆ ಇಳಿಬಿಟ್ಟ ಕೇಬಲ್ ಬೋಟಿನ ಪಕ್ಕದಲ್ಲೇ ಎಂಜಿನ್ ಕಡೆಗೆ ವಾಲಿಕೊಂಡು ಹೋಗ್ತಿರುತ್ತೆ. ಈಗ ನೀವು ಎಡಕ್ಕೆ ತಿರುಗಿಸಿದ್ರಿ ಅಂದ್ಕೊಳಿ, ಬೋಟಿನ ಹಿಂಭಾಗ ಬಲಕ್ಕೆ ಹೊರಳುತ್ತೆ, ಬಲಗಡೆ ಕೇಬಲ್ ಮೇಲೇ ಬಂದು ನಿಲ್ಲುತ್ತೆ. ಅಲ್ಲಿರೋದು ಪ್ರೊಪೆಲ್ಲರ್. ಉದ್ದನೆ ತೋಳಿರೋ ರಿಗರ್ ಆದ್ರೆ ಕೇಬಲ್ ಸ್ವಲ್ಪ ದೂರ ಇರುತ್ತೆ ನಿಜ, ಆದ್ರೆ ಚಿಕ್ಕ ಬೋಟಲ್ಲಿ ಅಷ್ಟು ಉದ್ದದ ತೋಳಿನ ತುದಿಗೆ 4-5 ಕಿಲೋ ಗುಂಡು ನೇತುಹಾಕಿದ್ರೆ ತೆಳ್ಳನೆ ಅಂಚಿನ ಮೇಲೆ ಅದರ ತಿರುಚಾಟ ಜಾಸ್ತಿ.

ಹಾಗಂತ ನಿಮ್ಮ ಸ್ನೇಹಿತರು ಹೇಳಿದ್ದೂ ಪೂರ್ತಿ ಸರಿ ಅನ್ನಲ್ಲ. ಹಿಂದಿನ ಹಲಗೆ ಮೇಲೆ ನೆಟ್ಟಗೆ ಹಿಂದಕ್ಕೆ ತೋಳು ಚಾಚಿದ್ರೆ ಕೇಬಲ್ ಪ್ರೊಪೆಲ್ಲರ್‌ಗಿಂತ ಹಿಂದೆ ಹೋಗುತ್ತೆ, ಅದು ಒಳ್ಳೇದೇ, ಆದ್ರೆ ಎರಡೂ ಗಾಳ ಅಕ್ಕಪಕ್ಕ ಬಂದುಬಿಡುತ್ತೆ, ಮೀನು ಎಳ್ಕೊಂಡು ಬಲೆಗೆ ಹಾಕೋಕೆ ಜಾಗ ಇರಲ್ಲ, ಅದೂ ಅಲ್ದೆ ಎಂಜಿನ್ ಎತ್ತೋವಾಗ ತಾಗುತ್ತೆ. ನನ್ನ ಮಟ್ಟಿಗೆ ಸರಿಯಾದ ಜಾಗ ಹಿಂದಿನ ಎರಡು ಮೂಲೆ, ಪಕ್ಕದ ಅಂಚು ಹಿಂದಿನ ಹಲಗೆಗೆ ಸೇರೋ ಕಡೆ, ತೋಳು 45 ಡಿಗ್ರಿ ಹೊರಕ್ಕೆ. ತಿರುಗೋ ಬೇಸ್ ಹಾಕ್ಸಿ, ದುಡ್ಡು ಜಾಸ್ತಿ ಅನ್ಸಿದ್ರೂ. ತೋಳನ್ನ ಒಳಗೆ ತಿರುಗಿಸ್ಕೊಂಡು ಕೂತಲ್ಲೇ ಗುಂಡು ಸಿಕ್ಕಿಸಬಹುದು, ನೀರಿನ ಮೇಲೆ ಬಗ್ಗೋ ಕೆಲಸನೇ ಇರಲ್ಲ. ಜೊತೆಗೆ ಬರೋರ ಆರಾಮದ ಚಿಂತೆ ಇತ್ತಲ್ಲ, ಅದಕ್ಕೂ ಇದೇ ಉತ್ತರ.

ಆದ್ರೆ ನಂಬಬೇಡಿ, ನೋಡಿ. ಒಂದು ಹಲಗೆ ಚೂರಿಗೆ ರಿಗರ್ ಬೋಲ್ಟ್ ಮಾಡಿ, ಆ ಹಲಗೆನ ಮೂಲೆಗೆ ಕ್ಲ್ಯಾಂಪಲ್ಲಿ ಬಿಗಿದು, ತೋಳಿನ ತುದಿಯಿಂದ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಡಿ. ಆಮೇಲೆ ಎಂಜಿನ್ನನ್ನ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಮೇಲಕ್ಕೂ ಎತ್ತಿ ನೋಡಿ. ನೀವು ಹಿಡಿ ಹಿಡ್ಕೊಂಡೇ ಓಡಿಸೋರು, ಹಾಗಾಗಿ ನಿಮ್ಮ ಮೊಣಕೈ ಎಲ್ಲಿ ಹೋಗಿ ತಾಗುತ್ತೆ ಅಂತ ಕೂತೇ ನೋಡಬೇಕು. ನೀವು ಕೂರೋ ಕಡೆ ರಿಗರ್ ಒಂದು ಅಡಿ ಮುಂದಕ್ಕೆ ಹೋಗಬೇಕಾದ್ರೆ ಹೋಗಲಿ, ಎರಡೂ ಕಡೆ ಒಂದೇ ಅಳತೆ ಇರಬೇಕು ಅಂತ ಹಠ ಬೇಡ. ಸೋನಾರ್ (ಶಬ್ದದ ಅಲೆ ಬಿಟ್ಟು ನೀರಿನಡಿ ಏನಿದೆ ಅಂತ ತೋರಿಸೋ ಯಂತ್ರ) ಇದ್ರೆ ಇನ್ನೊಂದು ಲಾಭ: ಅದರ ಸೆನ್ಸರ್ ಹಿಂದಿನ ಹಲಗೆಲೇ ಇರುತ್ತಲ್ಲ, 20 ಡಿಗ್ರಿ ಕೋನದ್ದು 10 ಮೀಟರ್ ಆಳದಲ್ಲಿ ನೋಡೋದು ಹೆಚ್ಚುಕಮ್ಮಿ ಮೂರೂವರೆ ಮೀಟರ್ ಅಗಲ ಮಾತ್ರ, ರಿಗರ್ ಹತ್ತಿರ ಇದ್ರೇನೇ ಗುಂಡು ಸ್ಕ್ರೀನಲ್ಲಿ ಕಾಣೋದು.

ಜಾಗ ಗೊತ್ತಾದ ಮೇಲೆ ಸ್ಕ್ರೂ ಹೊಡೆದು ಮುಗಿಸಬೇಡಿ, ತೆಳು ಅಲ್ಯೂಮಿನಿಯಂ ತಗಡಿಂದ ಕಿತ್ಕೊಂಡು ಬರುತ್ತೆ. ಆಚೆಯಿಂದ ಈಚೆಗೆ ಹೋಗೋ ಸ್ಟೀಲ್ ಬೋಲ್ಟು, ಲಾಕ್ ನಟ್ಟು, ಒಳಗಡೆ ರಿಗರ್ ಬೇಸ್‌ಗಿಂತ ದೊಡ್ಡದಾದ ಅಲ್ಯೂಮಿನಿಯಂ ಪಟ್ಟಿ, 6 ಮಿಲಿಮೀಟರ್ ದಪ್ಪದ್ದಾದ್ರೆ ಸಾಕು. ಬೋಲ್ಟಿಗೆ ಮರೀನ್ ಸೀಲೆಂಟ್ ಬಳಿದೇ ಹಾಕಿ, ಸ್ಟೀಲು ಅಲ್ಯೂಮಿನಿಯಂ ಎರಡೂ ಒದ್ದೆಯಲ್ಲಿ ತಾಗಿದ್ರೆ, ಅದ್ರಲ್ಲೂ ಉಪ್ಪುನೀರಲ್ಲಿ, ಅಲ್ಯೂಮಿನಿಯಮ್ಮೇ ತಿಂದುಹೋಗುತ್ತೆ.

ಇಷ್ಟೆಲ್ಲಾ ಗಟ್ಟಿ ಮಾಡಿದ ಮೇಲೆ ಒಂದು ಹೊಸ ಅಪಾಯ ಬರುತ್ತೆ. ಗುಂಡು ತಳದ ಬಂಡೆಗೆ ಸಿಕ್ಕಿಹಾಕ್ಕೊಂಡ್ರೆ ಮುಂಚೆ ಬೇಸ್ ಕಿತ್ತುಹೋಗ್ತಿತ್ತು, ಈಗ ಅದು ಬೋಟಿನ ಮೂಲೆನೇ ಕೆಳಕ್ಕೆ ಎಳೆಯುತ್ತೆ, ಹಿಂದಿನ ಹಲಗೆ ಮೊದಲೇ ತಗ್ಗು, ಅಲೆ ಬಂದ್ರೆ ನೀರು ಸೀದಾ ಒಳಗೆ. ಅದಕ್ಕೆ ರಿಗರ್‌ನ ಕ್ಲಚ್ಚನ್ನ, ಅಂದ್ರೆ ಕೇಬಲ್ ಸುತ್ತೋ ಚಕ್ರ ತಡೆಹಿಡಿಯೋ ಭಾಗನ, ಗುಂಡಿನ ಭಾರ ತಡೆಯೋಷ್ಟು ಮಾತ್ರ ಬಿಗಿ ಮಾಡಿ, ಕೈಯಲ್ಲಿ ಜೋರಾಗಿ ಎಳೆದ್ರೆ ಕೇಬಲ್ ಬಿಚ್ಕೊಂಡು ಬರಬೇಕು. ಸಿಕ್ಕಿಕೊಂಡ ತಕ್ಷಣ ಎಂಜಿನ್ ನ್ಯೂಟ್ರಲ್‌ಗೆ ಹಾಕಿ. ಸ್ಟೀಲ್ ಕೇಬಲ್ ಚಾಕುಗೆ ಬಗ್ಗಲ್ಲ, ವೈರ್ ಕಟರ್ ಬೇಕು, ಅದನ್ನ ಟೂಲ್ ಬಾಕ್ಸ್ ತಳದಲ್ಲಿ ಇಡದೆ ನೀವು ಕೂರೋ ಸೀಟಿಗೆ ದಾರ ಕಟ್ಟಿ ನೇತುಹಾಕಿ.